ಮೇಯ್-ಧಾತು ಮೀಮಾಂಸೆ: ಮಾಸೂರು ಪಾಠ

ಮೇಯ್ ಧಾತುವಿನ ಪ್ರಾಗ್-ರೋಮಂಥನ ಹಾಗೂ ಉತ್ತರ-ರೋಮಂಥನ ಅವಸ್ಥೆಗಳ ಅಂತರ್‌ಶಿಸ್ತೀಯ ಅನುಸಂಧಾನವೇ ಈ ಪ್ರಬಂಧದ ಆಶಯ. (ಇಂಥ ವಾಕ್ಯ ಓದಿದರೆ ವಿಚಾರ ಸಂಕಿರಣದಲ್ಲಿ ಪ್ರಮಾಣಪತ್ರ ಸಿಗುತ್ತದೆ. ದನಕ್ಕೆ ಏನೂ ಸಿಗುವುದಿಲ್ಲ.) ಕ್ಷೇತ್ರಕಾರ್ಯಕ್ಕೆ ಆಯ್ದುಕೊಂಡದ್ದು ಮದಗದ ಕೆರೆಯ ಮಾಸೂರು. ಸರ್ವಜ್ಞ ಯಾರವನೆಂದು ಅಬಲೂರಿನೊಡನೆ ವಾದ ಹೂಡಿರುವ ಊರಿಗೆ ವ್ಯುತ್ಪತ್ತಿಯ ಜಗಳ ಹೊಸದೇನಲ್ಲ.

ತಮಿಳಿನ ಮೇಯ್, ತೆಲುಗಿನ ಮೇಯು ನಮ್ಮ ಧಾತುವಿನ ಒಡಹುಟ್ಟುಗಳು. ತೌಲನಿಕ ಘನತೆಗಾಗಿ ಝೆಕ್ ಭಾಷೆಯ ‘ಪಾಸ್ಟ್’ ಧಾತುವನ್ನೂ ಕರೆತರೋಣ. ಅಲ್ಲಿ ಮೇಯಿಸುವ ಮನುಷ್ಯನೇ ಕರ್ತೃ; ದನ ತಾನೇ ಮೇಯಬೇಕೆಂದರೆ ‘ಸೆ’ ಹಚ್ಚಿ ‘ತನ್ನನ್ನು ಮೇಯಿಸಿಕೊಂಡಿತು’ ಎನ್ನಬೇಕು. ಕನ್ನಡದಲ್ಲಿ ದನ ಮೊದಲು. ‘ಇಸು’ ಪ್ರತ್ಯಯದ ಬಾಲ ಹಿಡಿದು ಮನುಷ್ಯ ಆಮೇಲೆ ಬರುತ್ತಾನೆ. ಝೆಕ್ ಧಾತುವಿನ ಮೂಲಾರ್ಥ ಕಾಯುವುದು, ‘ಗೋಪ’ದ ‘ಪಾ’ ಅದರ ದಾಯಾದಿ ಎಂದು ಪಂಡಿತರು ಸಾಧಿಸಿದ್ದಾರೆ. ‘ದನಾ ಕಾಯಾಕ ಹ್ವಾಗ್ಯಾನ’ ಎನ್ನುವವರು ಅಡಿಟಿಪ್ಪಣಿಯಿಲ್ಲದೆ ಅಷ್ಟನ್ನೇ ಹೇಳುತ್ತಾರೆ.

ಮೇಯುವಿಕೆ ನವವಿಧ. ಒಂದು, ಬದುಮೇವು: ಪರರ ಬದುವಿನಲ್ಲಿ, ಮಾಲೀಕ ಕಾಣದಿದ್ದಾಗ. ಎರಡು, ಓಟಮೇವು: ಅದೇ, ಮಾಲೀಕ ಕಂಡಾಗ. ಮೂರು, ಬೇಲಿಮೇವು: ಇಲ್ಲಿ ಕರ್ತೃ ದನವಲ್ಲ, ಬೇಲಿ. ಉಳಿದ ಆರೂ ಇದರ ಮರಿಗಳೇ, ಪಟ್ಟಿ ಸಾಕು.

ಈಗ ಸಪ್ತಮೀ ವಿಭಕ್ತಿ. ಕೇಶಿರಾಜ ‘ಒಳ್’ ಎಂದ, ನಾವು ‘ಅಲ್ಲಿ’ ಎಂದೆವು. ಎಲ್ಲಿ? 1966ರ ಕರ್ನಾಟಕ ಭೂಕಂದಾಯ ನಿಯಮಗಳು ನೂರು ದನಕ್ಕೆ 12 ಹೆಕ್ಟೇರ್ ಗೋಮಾಳ ಎಂದವು. ನಮ್ಮ ಸೀಮೆಯಲ್ಲಿ ಅದು ಗಾಯರಾಣ. ರಾಜ್ಯದುದ್ದಕ್ಕೂ ಅದು ಮೊದಲು ಒತ್ತುವರಿಯಾಯಿತು, ಆಮೇಲೆ ಅರ್ಜಿ ನಮೂನೆ 50, 53, 57 ಎಂದು ಸಕ್ರಮದ ಸಾಲಿನಲ್ಲಿ ನಿಂತಿತು. ಭೂಮಿಯಿಲ್ಲದವನ ಎರಡೆಕರೆಯ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಿರುವುದು ಬಡಾವಣೆ, ಕಾಂಪೌಂಡು ಕಟ್ಟಿ ನುಂಗಿದವರ ಮೇಲೆ. ಪರರ ಹೊಲಕ್ಕೆ ನುಗ್ಗಿದ ದನವನ್ನು ದೊಡ್ಡಿಗೆ ಹೊಡೆದು ದಂಡ ಕಟ್ಟಿಸಿಕೊಳ್ಳುತ್ತಿದ್ದ ನಾಡು ಇದು. ಇವರಿಗೆ ಯಾವ ದೊಡ್ಡಿ? 2011ರಲ್ಲಿ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಊರೊಟ್ಟಿನ ಜಮೀನು ಬಿಡಿಸಿಕೊಡಿ ಎಂದು ಎಲ್ಲ ರಾಜ್ಯಗಳಿಗೂ ಹೇಳಿತು. ಆ ಆದೇಶವನ್ನು ಕಡತಗಳು ಇನ್ನೂ ಮೆಲುಕು ಹಾಕುತ್ತಿವೆ.

ಹೋಗಲಿ, ಮಾಸೂರಿನ ಸುತ್ತ ಹಿರೇಕೆರೂರು ಸೀಮೆಯ ತುಂಬ ಗೋವಿನಜೋಳವಿದೆಯಲ್ಲ ಎಂದೀರಿ. ಹೆಸರಷ್ಟೇ ಗೋವಿನದು, ಕಾಳು ಕೋಳಿ ಆಹಾರದ ಕಾರ್ಖಾನೆಗೆ ಹೋಗುತ್ತದೆ, ಬದುವಿನ ಹುಲ್ಲಿಗೆ ಕಳೆನಾಶಕ ಬೀಳುತ್ತದೆ. ತೆನೆ ಮುರಿದಾದ ಮೇಲೆ ಒಣದಂಟಿಗೆ ದನ ಬಿಡುತ್ತಾರೆ. ಆ ನಾಲ್ಕು ದಿನ ಧಾತು ಸಕರ್ಮಕ. ಉಳಿದ ವರ್ಷವೆಲ್ಲ ಅಕರ್ಮಕ.