ಗೃಹರೌಟರಿನಲ್ಲಿ ದ್ವಾರನಿರೋಧದ ನೆಲೆಗಳು: ಒಂದು ತಾತ್ವಿಕ ಅನುಸಂಧಾನ

ಪ್ರಸ್ತುತ ಪ್ರಬಂಧವು ಟಿ.ವಿ. ಸ್ಟ್ಯಾಂಡಿನ ಮೇಲೆ ಗಣಪತಿಯ ಪಕ್ಕ ಹಸಿರು ಕಣ್ಣು ಮಿಟುಕಿಸುತ್ತ ಕೂತಿರುವ ರೌಟರೆಂಬ ಸಂಕಥನದ ಒಡಲಲ್ಲಿ ಜರುಗುವ ಪ್ರವೇಶ-ನಿರಾಕರಣೆಗಳ ದ್ವಂದ್ವಾತ್ಮಕ ನೆಲೆಗಳನ್ನು ಸಮಕಾಲೀನ ಪರಿಪ್ರೇಕ್ಷ್ಯದಲ್ಲಿ ಮುಖಾಮುಖಿಯಾಗಿಸುವ ವಿನಮ್ರ ಯತ್ನವಾಗಿದೆ. ಅರ್ಥಾತ್, ರಾತ್ರಿ ಒಂಬತ್ತರ ಮೇಲೆ ಮಗ ಯೂಟ್ಯೂಬ್ ನೋಡುವುದನ್ನು ನಿಲ್ಲಿಸಬೇಕಿತ್ತು. (ಇಪ್ಪತ್ತು ವರ್ಷ ವಿಚಾರಸಂಕಿರಣಗಳಲ್ಲಿ ಕೂತವನಿಗೆ ಹೀಗೆ ನೇರ ಬರೆಯಲು ಸಂಕೋಚವಾಗುತ್ತದೆ.)

ಮೊದಲು ದ್ವಾರಮೀಮಾಂಸೆ. ನವದ್ವಾರಗಳ ದೇಹವನ್ನು ನಿಗ್ರಹಿಸಲಿಕ್ಕೇ ಋಷಿಗಳು ಕಾಡು ಸೇರಬೇಕಾಯಿತು. ಲೌಕಿಕರು ಪೋರ್ಟ್ ಎನ್ನುವ ದ್ವಾರಗಳು ಇಲ್ಲಿ 0ಯಿಂದ 65,535ರ ತನಕ ಇವೆ. ಒಳಹೊರಗೆ ಓಡಾಡುವ ರೀತಿಗಳಲ್ಲಿ ಮುಖ್ಯವಾದವು ಎರಡು. ಟಿಸಿಪಿ ರಿಜಿಸ್ಟರ್ ಅಂಚೆ. ತಲುಪಿದ್ದಕ್ಕೆ ಸಹಿ ಬೇಕು. ಯುಡಿಪಿ ಮದುವೆಮನೆಯಲ್ಲಿ ಸಾರು ಬಡಿಸುವವ. ಎಲೆಗೆ ಬಿತ್ತೋ ನೆಲಕ್ಕೆ ಬಿತ್ತೋ ತಿರುಗಿ ನೋಡುವುದಿಲ್ಲ.

ನಿರೋಧವು ಪಂಚವಿಧ. ಒಂದನೆಯದು ನಾಮನಿರೋಧ: 53ನೇ ದ್ವಾರದಲ್ಲಿ ವಿಳಾಸ ವಿಚಾರಿಸುವವರಿಗೆ ಸುಳ್ಳು ಹೇಳಿ ಕಳಿಸುವುದು. ಆದರೆ 2018ರಲ್ಲೇ, ಅದೇ ಪ್ರಶ್ನೆಯನ್ನು ಲಕೋಟೆಯಲ್ಲಿಟ್ಟು 443ರ ಮೂಲಕ ಕೇಳುವ ಕ್ರಮ ಶಾಸ್ತ್ರಸಮ್ಮತವಾಗಿದೆ. ಬ್ಯಾಂಕು, ಪಾಠ, ಸಿನಿಮಾ ಎಲ್ಲ ಅದೇ ಬಾಗಿಲಲ್ಲಿ ಮುಸುಕು ಹಾಕಿಕೊಂಡು ನುಗ್ಗುವಾಗ ಯಾರನ್ನೆಂದು ತಡೆಯುವುದು? ಎರಡನೆಯದು ಮುಖನಿರೋಧ: ಮಗನ ಫೋನಿನ ಮ್ಯಾಕ್ ವಿಳಾಸ ಹಿಡಿದು ತಡೆಯುವುದು. ಈಗಿನ ಫೋನುಗಳು ಹಗಲುವೇಷದವರ ಮನೆತನ. ಸೆಟ್ಟಿಂಗಿನಲ್ಲೊಂದು ಗುಂಡಿ ಒತ್ತಿದರೆ ಬೇರೆ ಮುಖ. ಮೂರನೆಯದು... ಇರಲಿ ಬಿಡಿ, ಐದು ಎಂದದ್ದು ಕಿವಿಗೆ ಇಂಪಾಗಿರಲೆಂದು.

ಪ್ರಯೋಗಕ್ಕೆ ಬರೋಣ. ಯೂಟ್ಯೂಬ್ ಯುಡಿಪಿಯಲ್ಲಿ ಓಡುತ್ತದೆಂದು ಓದಿ 443ರಲ್ಲಿ ಅದನ್ನು ತಡೆದೆ. ವಿಡಿಯೊ ಟಿಸಿಪಿಗೆ ಹಾರಿ, ಒಂದು ಗಳಿಗೆಯೂ ನಿಲ್ಲದೆ ಮುಂದುವರಿಯಿತು. ರೇಗಿ, 53 ಒಂದನ್ನು ಬಿಟ್ಟು ಇಡೀ ಯುಡಿಪಿಯನ್ನೇ ಮುಚ್ಚಿದೆ. ಆಗಲೂ ವಿಡಿಯೊಗೆ ಏನೂ ಆಗಲಿಲ್ಲ.

ಮರುದಿನ ಊರಿಂದ ಅಮ್ಮನ ವಿಡಿಯೊ ಕರೆ ಬಂತು. ಮುಖ ಚೌಕಚೌಕವಾಗಿ ಒಡೆಯಿತು, ಮಾತು ತುಂಡಾಯಿತು. ಕರೆಗಳು ನಡೆಯುವುದು ಬಹುಪಾಲು ಯುಡಿಪಿಯಲ್ಲೇ. "ನಾನೇ ಏನಾದ್ರೂ ಒತ್ತಿಬಿಟ್ನೇನೋ" ಎಂದು ಎರಡು ಸಲ ಕೇಳಿದಳು. ಆಮೇಲೆ ಕೇಳಿಸಲಿಲ್ಲ.

ನಿಯಮ ತೆಗೆಯಲು ಹೋದರೆ ಪಾಸ್‌ವರ್ಡ್ ತಪ್ಪು! ರಾತ್ರೋರಾತ್ರಿ ಬದಲಾಗಿತ್ತು. ಸಂಪರ್ಕ ಕೊಟ್ಟವರಿಗೆ ರೌಟರನ್ನು ದೂರದಿಂದ ಆಳಲು ಸಾಮಾನ್ಯವಾಗಿ 7547 ಎಂಬ ಕಳ್ಳಗಿಂಡಿ ಇರುತ್ತದಂತೆ. "ಸೆಕ್ಯುರಿಟಿ ಕಾರಣ ಸಾರ್, ಕಸ್ಟಮರ್‌ಗೆ ಕೊಡಲ್ಲ" ಎಂದಿತು ಫೋನು. ತಿಂಗಳ ದುಡ್ಡು ನನ್ನದು, ಕರೆಂಟು ನನ್ನದು, ಗೋಡೆಗೆ ಹೊಡೆದ ಮೊಳೆಯೂ ನನ್ನದು. ನನ್ನ ಮನೆಯ ಬೀಗದಕೈ ಕೇಳಿದರೆ ನಾನು ಕಳ್ಳನೇನ್ರೀ? ಇದರ ತಾತ್ವಿಕ ನೆಲೆಯನ್ನು ಯಾವ ವಿದ್ವಾಂಸರು ಬೇಕಾದರೂ ಬಂದು ವಿವರಿಸಲಿ, ಕಾಫಿ ಕೊಡುತ್ತೇನೆ.

ಕೊನೆಗೆ ಮಗ ಒಂದು ಕಿವಿಯ ಇಯರ್‌ಫೋನ್ ಬಿಚ್ಚಿ, ರೌಟರಿನ ಬೆನ್ನಲ್ಲಿದ್ದ ತೂತಿಗೆ ಸೇಫ್ಟಿ ಪಿನ್ ಒತ್ತಿ ಹಿಡಿದ. ಎಲ್ಲ ದೀಪ ಆರಿ ಹತ್ತಿದವು. ಫೋನು ಕಿತ್ತುಕೊಂಡು ಕರೆ ಮಾಡಿದವನೂ ಅವನೇ. "ಅಜ್ಜೀ, ಈಗ ಕಾಣ್ತಿದೀನಾ?"

ಗಂಟೆ ಒಂಬತ್ತೂಕಾಲು.