ಸಾಯುವುದಕ್ಕೂ ಬಿಡದ ಮನೆಯವರು

ಚಿತ್ರದುರ್ಗದಲ್ಲಿ ಕೋಟೆಯ ಬುಡಕ್ಕೆ ಹತ್ತಿರದ ಒಂದು ಹಳೇ ಮನೆ. ನಡುಮನೆಯ ಬಾಗಿಲ ಮೇಲೆ ಮರದ ಹಲಗೆ, ಹಲಗೆಯಲ್ಲಿ ಮೀಟರು, ಅದರ ಪಕ್ಕ ಎರಡು ಪಿಂಗಾಣಿ ಫ್ಯೂಸು. ಎಡಗಡೆಯವರು ಮಾತಿಗೆ ಸಿಕ್ಕರು. ಮೈತುಂಬ ಮಸಿ, ಸುಣ್ಣದ ಕಲೆ, ಆಯುಧಪೂಜೆಯಲ್ಲಿ ಇಟ್ಟ ಕುಂಕುಮದ ಬೊಟ್ಟು. ಬೆನ್ನ ಹಿಂದೆ ಹಲ್ಲಿಯ ಸಂಸಾರ.

ಹೇಗಿದ್ದೀರಿ?

ಬದುಕಿದ್ದೀನಿ ಸ್ವಾಮಿ, ಅದೇ ತೊಂದರೆ. ಲೋಡು ಮಿತಿ ದಾಟಿದ ತಕ್ಷಣ ನನ್ನೊಳಗಿನ ಸಣ್ಣ ತಂತಿ ಕರಗಬೇಕು, ಮನೆ ಉಳೀಬೇಕು. ನಾನು ಹುಟ್ಟಿದ್ದೇ ಹೊತ್ತಿಗೆ ಸರಿಯಾಗಿ ಸಾಯೋದಕ್ಕೆ. ಈ ಮನೆಯವರು ಬಿಡಬೇಕಲ್ಲ?

ಏನು ಮಾಡಿದರು?

ಹೋದ ಬೇಸಿಗೇಲಿ ಮೇಲಿಂದ ಮೇಲೆ ಹಾರಿದೆ. ಯಜಮಾನರಿಗೆ ರೇಗಿತು. ಹಳೇ ವೈರಿನ ತುಂಡು ತಂದು, ಸಿಪ್ಪೆಯನ್ನ ಹಲ್ಲಲ್ಲಿ ಸುಲಿದು, ಒಳಗಿನ ತಾಮ್ರದ ಎಳೆಗಳನ್ನ ದೀಪದ ಬತ್ತಿ ಥರ ಹೊಸೆದು ಎರಡು ಸ್ಕ್ರೂಗೂ ಸುತ್ತಿದರು. "ಇನ್ನು ಹಾರಲ್ಲ ನೋಡು" ಅಂದರು ಮನೆಯವರಿಗೆ. ನಿಜ, ಹಾರಿಲ್ಲ. ಈ ದಪ್ಪದ ತಾಮ್ರ ಕರಗೋ ಮುಂಚೆ ಗೋಡೆಯೊಳಗಿನ ವೈರಿನ ಹೊದಿಕೆ ಕರಗುತ್ತೆ. ಈಗ ಈ ಮನೆಗೆ ಗೋಡೆನೇ ಫ್ಯೂಸು. ನಾನು ಇಲ್ಲಿ ಸುಮ್ಮನೆ ಅಲಂಕಾರಕ್ಕೆ.

ಲೈಸೆನ್ಸ್ ಇಲ್ಲದವರು ಕರೆಂಟಿನ ಕೆಲಸ ಮುಟ್ಟಬಾರದು ಅಂತ ಕಾನೂನಿದೆಯಲ್ಲ?

ಇದೆ. 1956ರ ಭಾರತೀಯ ವಿದ್ಯುತ್ ನಿಯಮದಲ್ಲೇ ಇತ್ತು. ಕೇಂದ್ರ ವಿದ್ಯುತ್ ಪ್ರಾಧಿಕಾರ 2010ರಲ್ಲಿ ಹೊಸದಾಗಿ ಬರೆದಾಗಲೂ ಉಳೀತು, 2023ರಲ್ಲಿ ಮತ್ತೆ ಬರೆದಾಗಲೂ ಉಳೀತು. ಸರ್ಕಾರದ ಲೈಸೆನ್ಸ್ ಇರೋ ಕಂಟ್ರಾಕ್ಟರ್ ಕೆಲಸ ಹಿಡೀಬೇಕು, ಸಾಮರ್ಥ್ಯದ ಸರ್ಟಿಫಿಕೇಟ್ ಪಡೆದವನು ಎದುರಿಗೆ ನಿಂತು ನೋಡ್ಕೋಬೇಕು, ಪರ್ಮಿಟ್ ಇರೋ ವೈರ್‌ಮನ್ ಕೈ ಹಚ್ಚಬೇಕು. ಮನೆಯವರಿಗೆ ಅಂತ ಒಂದಿಷ್ಟು ವಿನಾಯಿತಿ ಇದೆ: ಬಲ್ಬು, ಫ್ಯಾನು, ಸ್ವಿಚ್ಚು, 250 ವೋಲ್ಟಿನೊಳಗಿನ ಮನೆಬಳಕೆಯ ಸಾಮಾನು ಬದಲಾಯಿಸಿಕೊಳ್ಳಬಹುದು. ಆ ಪಟ್ಟಿಯಲ್ಲಿ ನನ್ನ ಹೆಸರೂ ಇದೆ ಸ್ವಾಮಿ!

ಹಾಗಾದರೆ ಯಜಮಾನರು ಮಾಡಿದ್ದು ಸರಿಯಾಯಿತು.

ಸ್ವಲ್ಪ ನಿಲ್ಲಿ. ಜೊತೆಗೇ ಒಂದು ಷರತ್ತಿದೆ. ಬದಲಾಯಿಸಿದ್ದರಿಂದ ವ್ಯವಸ್ಥೆಯ ತಾಕತ್ತಾಗಲಿ ಸ್ವರೂಪವಾಗಲಿ ಬದಲಾಗಕೂಡದು. ನನ್ನ ಲೆಕ್ಕ 5 ಆಂಪಿಯರ್. 230 ವೋಲ್ಟಿಗೆ ಗುಣಿಸಿದರೆ 1,150 ವ್ಯಾಟ್. ಮಗಳ ಬಾಣಂತನಕ್ಕೆ ಅಂತ 2,000 ವ್ಯಾಟಿನ ಗೀಸರ್ ತಂದರು. ಅದೊಂದೇ ಹತ್ತಿರ ಹತ್ತಿರ 9 ಆಂಪಿಯರ್ ಎಳೆಯುತ್ತೆ. ಅದನ್ನ ಬಚ್ಚಲಿನ ಲೈಟಿನ ವೈರಿಗೆ ಸಿಕ್ಕಿಸಿದರು. ನಾನು ಹಾರಿದ್ದಕ್ಕೆ "ಫ್ಯೂಸು ಸರಿ ಇಲ್ಲ" ಅಂದರು. ಬತ್ತಿ ಹೊಸೆದ ದಿನ ತಾಕತ್ತೂ ಬದಲಾಯ್ತು, ಸ್ವರೂಪಾನೂ ಬದಲಾಯ್ತು. ಕಾನೂನು ಮನೆಯವರ ಕೈಗೆ ಧೈರ್ಯವಾಗಿ ಕೊಟ್ಟಿದ್ದು ನನ್ನನ್ನ. ಎಲ್ಲರೂ ತಪ್ಪೋದೂ ನನ್ನಲ್ಲೇ.

ಪಕ್ಕದವರು ಯಾಕೆ ಮಾತಾಡುವುದಿಲ್ಲ?

ಅವನು ನ್ಯೂಟ್ರಲ್ಲು. ಅವನು ಅಲ್ಲಿ ಇರಲೇಬಾರದಿತ್ತು. ಫೇಸಿನ ಜೊತೆಗೇ ಕಡಿಯೋ ಜೋಡಿ ಸ್ವಿಚ್ ಆದರೆ ಸರಿ. ನ್ಯೂಟ್ರಲ್‌ಗೆ ಅಂತ ಒಂಟಿ ಫ್ಯೂಸು ಹಾಕೋ ಹಾಗಿಲ್ಲ. ಹಳೇ ಮನೆಗಳಲ್ಲಿ ಚೆಂದಕ್ಕೆ ಅಂತಲೋ ಏನೋ ಇಬ್ಬರನ್ನೂ ಕೂರಿಸಿದ್ದಾರೆ. ಅವನು ಹಾರಿದರೆ ಮನೆಯೆಲ್ಲ ಕತ್ತಲೆ, ಆದರೆ ವೈರಿನಲ್ಲಿ ಕರೆಂಟು ಹಾಗೇ ಇರುತ್ತೆ. ಕರೆಂಟ್ ಹೋಗಿದೆ ಅಂತ ಹೋಲ್ಡರ್ ಬಿಚ್ಚಿದರೆ ಮುಗೀತು ಕಥೆ. ಟೆಸ್ಟರ್ ಹಚ್ಚಿ ನೋಡೋರು ಯಾರು? ಅದು ಪೇಂಟ್ ಡಬ್ಬಿ ಮುಚ್ಚಳ ತೆಗೆಯೋಕೆ ಹೋಗಿದೆ.

ಅರ್ಥಿಂಗ್ ಇದೆಯಲ್ಲ?

ಹಿತ್ತಲಲ್ಲಿ ಇದೆ. ಇದ್ದಿಲು, ಉಪ್ಪು ಹಾಕಿ ಗುಂಡಿ ಮುಚ್ಚಿದ್ದೇ ಕೊನೆ. ನಮ್ಮದು ಬಯಲುಸೀಮೆ. ಬೇಸಿಗೇಲಿ ಕುಡಿಯೋಕೇ ನೀರಿಗೆ ಪರದಾಟ, ಗುಂಡಿಗೆ ಯಾರು ಒಂದು ಬಿಂದಿಗೆ ಹುಯ್ತಾರೆ? ಮಣ್ಣು ಒಣಗಿದರೆ ಕರೆಂಟು ಭೂಮಿಗೆ ಸಲೀಸಾಗಿ ಇಳಿಯಲ್ಲ. ಇನ್ನು ಮೂರು ಪಿನ್ನಿನ ಪ್ಲಗ್ಗಲ್ಲಿ ಅರ್ಥ್ ಪಿನ್ನು ಉದ್ದ ಮಾಡಿರೋದು ಎಲ್ಲಕ್ಕಿಂತ ಮೊದಲು ಅದೇ ಸೇರಲಿ ಅಂತ. ನಮ್ಮವರು ಪ್ಲಗ್ಗೇ ಕಿತ್ತೆಸೆದು, ಎರಡು ವೈರು ತೂರಿಸಿ, ಬೆಂಕಿಕಡ್ಡಿ ಬಿಗಿದು ಮಿಕ್ಸಿ ಓಡಿಸ್ತಾರೆ.

ನೆಂಟರಿಷ್ಟರು?

ಹಿರಿಯೂರಿನ ಕಡೆ ಬೋರ್‌ವೆಲ್ ಪೆಟ್ಟಿಗೆಯಲ್ಲಿ ಒಬ್ಬ, ಹೊಸದುರ್ಗದ ತೆಂಗಿನ ತೋಟದಲ್ಲಿ ಒಬ್ಬ, ಹೊಳಲ್ಕೆರೆ ಹತ್ತಿರ ಅಡಿಕೆ ತೋಟದ ಪಂಪ್‌ಹೌಸಿನಲ್ಲಿ ಇನ್ನೊಬ್ಬ. ಅವರ ಪಾಡು ನನಗಿಂತ ಕಡೆ. ರಾತ್ರಿ ತ್ರೀ ಫೇಸ್ ಬಂತು ಅಂದರೆ ರೈತರು ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು, ಒದ್ದೆ ಕಾಲಲ್ಲಿ ಬಂದು ಕೈ ಹಾಕ್ತಾರೆ. ಅಲ್ಲಿ ಫೇಸ್ ಫೇಸಿನ ನಡುವೆ 400 ವೋಲ್ಟ್. ವೈರ್‌ಮನ್‌ಗೆ ಕಾಯ್ತಾ ಕೂತರೆ ಕರೆಂಟೇ ಹೋಗುತ್ತೆ ಅನ್ನೋದು ಅವರ ವಾದ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಜೋಗಿಮಟ್ಟಿಯ ಮೇಲೆ ಅಷ್ಟೊಂದು ಗಾಳಿಯಂತ್ರ ಗಿರಗಿರ ತಿರುಗ್ತಾವಲ್ಲ, ಅವಕ್ಕೂ ಉತ್ತರ ಗೊತ್ತಿಲ್ಲ.

ಸರ್ಟಿಫಿಕೇಟು ಯಾರಿಗೂ ಬೇಡವಾಯಿತೆ?

ಹೊಸ ಮನೆಗೆ ಮೀಟರ್ ಬೇಕಾದಾಗ ಬೇಕು. ಕಂಟ್ರಾಕ್ಟರ್ ಸಹಿ ಹಾಕಿದ ಕಾಗದ ಬೆಸ್ಕಾಂಗೆ ಕೊಡಬೇಕಲ್ಲ. (2002ರಿಂದ ಬೆಸ್ಕಾಂ. ನಮ್ಮ ಯಜಮಾನರಿಗೆ ಇವತ್ತಿಗೂ ಕೆಇಬಿ.) ವೈರು ಎಳೆದ ಕೈ ಒಂದು, ಸಹಿ ಹಾಕಿದ ಕೈ ಇನ್ನೊಂದು ಅನ್ನೋ ಮನೆಗಳ ಫ್ಯೂಸುಗಳು ನನಗೆ ಪರಿಚಯ. ಹಾಗಂತ ಬಿಗಿ ಮಾಡಿದರೆ ಎಲ್ಲ ಸರಿಹೋಗುತ್ತೆ ಅಂತಲೂ ನಾನು ಹೇಳಲ್ಲ. ಆಸ್ಟ್ರೇಲಿಯಾದಲ್ಲಿ ಗೋಡೆಯ ಸ್ವಿಚ್ ಬದಲಿಸೋಕೂ ಲೈಸೆನ್ಸ್ ಬೇಕು. ಪಕ್ಕದ ನ್ಯೂಜಿಲೆಂಡಿನಲ್ಲಿ ಸ್ವಂತ ಮನೆಯವರು ಕೆಲವು ಕೆಲಸ ತಾವೇ ಮಾಡ್ಕೋಬಹುದು. ನಮ್ಮ ಕಾನೂನು ಇವೆರಡರ ನಡುವೆ ಹದವಾಗಿಯೇ ಇದೆ. ಅದನ್ನ ಮೀಟರ್ ಬೋರ್ಡಿನ ಪಕ್ಕ ಕನ್ನಡದಲ್ಲಿ ನಾಲ್ಕು ಸಾಲು ಬರೆದು ಅಂಟಿಸೋಕೆ ಯಾರಿಗೂ ಪುರುಸೊತ್ತಾಗಿಲ್ಲ, ಅಷ್ಟೇ.

ಎಂಸಿಬಿ ಬಂದ ಮೇಲೆ ನಿಮಗೆ ನಿವೃತ್ತಿಯಲ್ಲವೆ?

ಅವರನ್ನೂ ಬಿಟ್ಟಿಲ್ಲ. 6 ಆಂಪಿಯರಿನದು ಪದೇ ಪದೇ ಬೀಳುತ್ತೆ ಅಂತ 32ರದ್ದು ತಂದು ಕೂರಿಸ್ತಾರೆ, ವೈರು ಮಾತ್ರ ಅದೇ ಹಳೇದು. ಅಂದಹಾಗೆ ನಾನು, ಎಂಸಿಬಿ ಎಲ್ಲ ವೈರು ಕಾಯೋರು. ಮನುಷ್ಯನ್ನ ಕಾಯೋನು ಆರ್‌ಸಿಸಿಬಿ. 30 ಮಿಲಿಆಂಪಿಯರ್ ಸೋರಿದರೆ ಸಾಕು, ಕಡಿದು ಹಾಕ್ತಾನೆ. ಯಜಮಾನರು ಅಂಗಡೀಲಿ ರೇಟ್ ಕೇಳಿ ವಾಪಸ್ ಬಂದರು. ಅದೇ ಸಂಜೆ ಟಿವಿಗೆ ಸ್ಟೆಬಿಲೈಸರ್ ತಂದರು.

ಕೊನೆಯದಾಗಿ, ನಿಮ್ಮದೊಂದು ಫೋಟೋ?

ತಗೊಳ್ಳಿ. ಫ್ಲ್ಯಾಶ್ ಮಾತ್ರ ಬೇಡ. ಫ್ಯೂಸು ಮತ್ತೆ ಹಾರಿತು ಅಂದ್ಕೊಂಡು ಯಜಮಾನರು ಇನ್ನೂ ದಪ್ಪ ವೈರು ಹಿಡ್ಕೊಂಡು ಬಂದಾರು.