ಪ್ಲಗ್ಗಿನ ಪರ ಒಂದು ವಕಾಲತ್ತು

ಹುಣಸಗಿಯ ಯಾವ ಮೂಲೆಯಲ್ಲಾದರೂ ಒಂದು ಹಳೇ ಯೆಜ್ಡಿ ಬಂದ್ ಬಿದ್ದು ನಿಂತಿತೆನ್ನಿ, ಅದರ ಯಜಮಾನ ಹಣೆಯ ಬೆವರು ಒರೆಸಿಕೊಳ್ಳುವುದರೊಳಗೆ ತೀರ್ಪು ಹೊರಬಿದ್ದಿರುತ್ತದೆ: ‘ಪ್ಲಗ್ ಹೋಗ್ಯಾದ್ರೀ, ಬದ್ಲಿ ಮಾಡ್ರಿ.’ ತೀರ್ಪು ಕೊಟ್ಟವರು ಚಹಾದಂಗಡಿಯ ಬಾಕಿನಿಂದ ಎದ್ದಿರುವುದಿಲ್ಲ. ಅವರಲ್ಲಿ ಅರ್ಧ ಜನಕ್ಕೆ ಬೈಕೇ ಇರುವುದಿಲ್ಲ. ವಿಚಾರಣೆಯಿಲ್ಲ, ಪಂಚನಾಮೆಯಿಲ್ಲ, ಆರೋಪಿಯ ಮುಖ ನೋಡುವ ಸೌಜನ್ಯವೂ ಇಲ್ಲ. ಆದ್ದರಿಂದ ಯಾರೂ ಕೇಳದಿದ್ದರೂ, ಫೀಸೂ ಇಲ್ಲದೆ, ನಾನು ಪ್ಲಗ್ಗಿನ ಪರ ವಕಾಲತ್ತು ಹಾಕುತ್ತಿದ್ದೇನೆ. ನಾನು ಕಾನೂನು ಓದಿದವನಲ್ಲ, ಪಾನಾ ಹಿಡಿದು ಹೊಟ್ಟೆ ಹೊರೆದವನೂ ಅಲ್ಲ; ಕಂಡವರ ಬೈಕು ಕೆಟ್ಟು ನಿಂತರೆ ಕಾಲು ತಾನಾಗಿ ಆ ಕಡೆ ತಿರುಗುವ ಜಾತಿಯವನು. ಮನೆಯವರಿಗೆ ಇದು ನಾಚಿಕೆ, ನನಗೆ ಜಾತ್ರೆ. ನನ್ನ ವಾದ ಇಷ್ಟು: ಹಳೇ ಬೈಕಿನಲ್ಲಿ ಕಿಡಿ ಬಾರದಿದ್ದಾಗ ಪ್ಲಗ್ಗು ಹತ್ತರಲ್ಲಿ ಒಂಬತ್ತು ಸಲ ಬರೀ ಸಾಕ್ಷಿ. ನಾವು ಸಾಕ್ಷಿಯನ್ನು ಗಲ್ಲಿಗೇರಿಸಿ, ಅಪರಾಧಿಯನ್ನು ಅದೇ ಬೈಕಿನಲ್ಲಿ ಕೂಡಿಸಿಕೊಂಡು ಊರಿಗೆ ಹೊರಡುತ್ತೇವೆ.

ಈ ಅನ್ಯಾಯಕ್ಕೆ ಕಾರಣ ಸರಳ. ಪ್ಲಗ್ಗು ಕಣ್ಣಿಗೆ ಕಾಣುತ್ತದೆ, ಒಂದೇ ಪಾನಾಕ್ಕೆ ಬಿಚ್ಚಿಕೊಳ್ಳುತ್ತದೆ, ಕಿರಾಣಿ ಅಂಗಡಿಯ ದುಡ್ಡಿಗೆ ಸಿಗುತ್ತದೆ. ಉಳಿದವರೆಲ್ಲ ಮರೆಯಲ್ಲಿದ್ದಾರೆ. ಬ್ಯಾಟರಿಯ ಕರೆಂಟು ಚಾವಿ ದಾಟಿ ಕಾಯಿಲ್ಲಿಗೆ ಬರುತ್ತದೆ. ಬಲಗಡೆಯ ಕವರಿನೊಳಗೆ ಕೂತ ಪಾಯಿಂಟು ಸರಿಯಾದ ಗಳಿಗೆಗೆ ಬಾಯಿ ತೆರೆದು ಆ ಕರೆಂಟನ್ನು ಕಡಿಯುತ್ತದೆ. ಕಡಿದ ಕ್ಷಣದಲ್ಲಿ ಪಾಯಿಂಟಿನ ತುಟಿಗಳ ನಡುವೆಯೇ ಕಿಡಿ ಹಾರಿ ಹಾಳಾಗದಂತೆ ಕಂಡೆನ್ಸರ್ ಅದನ್ನು ನುಂಗಿಕೊಳ್ಳುತ್ತದೆ. ಆಗ ಕಾಯಿಲ್ಲಿನೊಳಗಿನ ಕಾಂತಕ್ಷೇತ್ರ ತಟ್ಟನೆ ಕುಸಿದು ಆರು ವೋಲ್ಟಿನ ಬಡಪಾಯಿ ಕರೆಂಟು ಸಾವಿರಾರು ವೋಲ್ಟಾಗಿ ವೈರು, ಕ್ಯಾಪು ಹಾದು ಪ್ಲಗ್ಗಿನ ತುದಿಗೆ ಬರುತ್ತದೆ. ಅಮೆರಿಕದ ಚಾರ್ಲ್ಸ್ ಕೆಟರಿಂಗ್ 1910ರ ಆಸುಪಾಸಿನಲ್ಲಿ ಕಾರುಗಳಿಗೆಂದು ರೂಢಿಗೆ ತಂದ ಈ ಏರ್ಪಾಟೇ ಹೆಚ್ಚು ಕಡಿಮೆ ಹಾಗೇ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಗೂ ಬಂತು. ಅಲ್ಲಿ 1961ರಿಂದ ಮೊದಲು ಜಾವಾ, ಆಮೇಲೆ ಯೆಜ್ಡಿ ತಯಾರಾದವು. 1996ರಲ್ಲಿ ಬಾಗಿಲು ಮುಚ್ಚಿತು. ಆಗ ಪ್ಲಗ್ಗು ಬಹುಪಾಲು ಮೈಕೋ ಕಂಪನಿಯದು, ಅಂದರೆ ಬೆಂಗಳೂರಿನದು. ಬೈಕು ಮೈಸೂರಿನದು, ಪ್ಲಗ್ಗು ಬೆಂಗಳೂರಿನದು, ಬಿಸಿಲು ಮಾತ್ರ ನಮ್ಮದು. ಕಲ್ಯಾಣ ಕರ್ನಾಟಕದ ಪಾಲಿಗೆ ಏನು ಬಂತು ಎಂದು ಕೇಳುವವರು ಈ ಲೆಕ್ಕವನ್ನೂ ಸೇರಿಸಿಕೊಳ್ಳಬಹುದು.

ಆರೋಪಿಯನ್ನು ಪರೀಕ್ಷಿಸುವ ಪದ್ಧತಿಯೇ ನಮ್ಮಲ್ಲಿಲ್ಲ ಎಂದರೆ ತಪ್ಪಾದೀತು. ಪ್ಲಗ್ ಬಿಚ್ಚಿ, ಕ್ಯಾಪಿಗೆ ಸಿಗಿಸಿ, ಅದರ ಲೋಹದ ಮೈ ಹೆಡ್ಡಿಗೆ ತಾಗುವಂತೆ ಹಿಡಿದು ಕಿಕ್ ಹೊಡೆದರೆ ತುದಿಯಲ್ಲಿ ಕಿಡಿ ಕಾಣಬೇಕು. ಪುಸ್ತಕದಲ್ಲಿ ಇದು ಒಂದು ಸಾಲು. ಹುಣಸಗಿಯ ಏಪ್ರಿಲ್ ಮಧ್ಯಾಹ್ನದಲ್ಲಿ ಇದೊಂದು ಪೂರ್ಣಾವಧಿ ಅಧಿವೇಶನ. ಮೊದಲ ತೊಡಕು ಸೂರ್ಯನದು: 40 ಡಿಗ್ರಿ ದಾಟಿದ ಆ ಬೆಳಕಿನಲ್ಲಿ ಎದುರಿಗೆ ಬಂದ ಬೀಗರ ಮುಖವೇ ನೆಟ್ಟಗೆ ಕಾಣದು, ಇನ್ನು ಅರ್ಧ ಮಿಲಿಮೀಟರ್ ಚಿಲ್ಲರೆ ಸಂದಿನ ಕಿಡಿ ಕಂಡೀತೆ? ಅದಕ್ಕೆ ಯಾರದೋ ಹೆಗಲ ಮೇಲಿನ ಟಾವೆಲ್ ಬರುತ್ತದೆ. ಟಾವೆಲ್ಲಿನ ಕೆಳಗೆ ನಾಲ್ಕು ತಲೆ ಸೇರುತ್ತವೆ. ಕಿಕ್ ಹೊಡೆಯುವವನಿಗೆ ಒಳಗಿನದು ಕಾಣದು, ಒಳಗಿದ್ದವರಿಗೆ ಅವನ ಕಾಲು ಯಾವಾಗ ಬೀಳುತ್ತದೆಂದು ತಿಳಿಯದು. ‘ಹೊಡಿ’ ಅನ್ನುವ ಮೊದಲೇ ಹೊಡೆದಿರುತ್ತಾನೆ, ‘ತಡಿ’ ಅಂದಮೇಲೆ ಮತ್ತೊಂದು ಹೊಡೆಯುತ್ತಾನೆ. ‘ಬಂತ್ ನೋಡ್’ ಎನ್ನುತ್ತದೆ ಒಂದು ತಲೆ. ‘ಎಲ್ಲಿ ಬಂತೋ, ನಿನ್ನ ಗಡಿಯಾರ ಹೊಳದಾದ’ ಎನ್ನುತ್ತದೆ ಇನ್ನೊಂದು. ಬಂದದ್ದೇ ಹೌದಾದರೆ ನೀಲಿಯೋ ಹಳದಿಯೋ ಎಂಬ ಪ್ರಶ್ನೆ ಏಳುತ್ತದೆ. ನೀಲಿ ಗಟ್ಟಿ, ಹಳದಿ ಸಪ್ಪೆ ಎಂಬುದು ಎಲ್ಲರೂ ಒಪ್ಪಿದ ಶಾಸ್ತ್ರ. ಹೊಸದಾಗಿ ಕಣ್ಣಿನ ಪೊರೆ ತೆಗೆಸಿಕೊಂಡ ಕಾಕಾ ನೀಲಿ ಎಂದು ಪಟ್ಟು ಹಿಡಿಯುತ್ತಾನೆ. ಪೊರೆ ತೆಗೆದ ಕಣ್ಣಿಗೆ ನೀಲಿ ಹೆಚ್ಚು ಎದ್ದು ಕಾಣುತ್ತದೆಂಬುದು ವೈದ್ಯರೂ ಒಪ್ಪುವ ಮಾತು, ಹಾಗಾಗಿ ಅವನ ಸಾಕ್ಷ್ಯವನ್ನು ಬದಿಗಿಡಬೇಕು. ಈ ಜಗ್ಗಾಟದ ನಡುವೆ ಪ್ಲಗ್ ಹಿಡಿದವನ ಬೆರಳು ಜಾರಿ ಕ್ಯಾಪಿನ ಅಂಚಿಗೆ ತಾಗುತ್ತದೆ. ‘ಯಪ್ಪಾ!’ ಟಾವೆಲ್ ಹಾರುತ್ತದೆ, ತಲೆಗೆ ತಲೆ ಬಡಿಯುತ್ತದೆ, ಕಾಕಾನ ಕನ್ನಡಕ ಧೂಳಿನಲ್ಲಿ ಬೀಳುತ್ತದೆ, ಮತ್ತು ಕಿಡಿ ಇದೆ ಎಂಬ ನಿರ್ಣಯ ಸರ್ವಾನುಮತದಿಂದ ಪಾಸಾಗುತ್ತದೆ. ನಾಲ್ಕು ಜೋಡಿ ಕಣ್ಣು ಹೇಳಲಾರದ್ದನ್ನು ಒಂದು ಬೆರಳು ಹೇಳಿತು. ನನಗೆ ಸಿಟ್ಟು ಬರುವುದು ಇಲ್ಲಲ್ಲ, ಆ ಟಾವೆಲ್ಲಿನೊಳಗೆ ಒಂದು ಉರಿಯುವ ಬೀಡಿಯೂ ಬಂದು ಕೂತಿರುವಾಗ. ಕಿಕ್ ಹೊಡೆದಂತೆಲ್ಲ ಪ್ಲಗ್ಗಿನ ತೂತಿನಿಂದ ಪೆಟ್ರೋಲಿನ ಆವಿ ಉಗುಳುತ್ತಿರುತ್ತದೆ. ಪ್ಲಗ್ಗನ್ನೇ ಆ ತೂತಿನಿಂದ ದೂರ ಹಿಡಿಯಬೇಕು ಅನ್ನುವಲ್ಲಿ ಬೀಡಿ ಸೇದುವವನಿಗೆ ಮುಂದಿನ ಸಾಲಿನಲ್ಲಿ ಜಾಗ ಕೊಡುತ್ತೇವೆ. ದೊಡ್ಡವರು, ಎಬ್ಬಿಸುವುದು ಹ್ಯಾಂಗೆ?

ಇಷ್ಟು ಮಾಡಿಯೂ ಈ ಪರೀಕ್ಷೆ ಸಾಬೀತು ಮಾಡುವುದು ಅರ್ಧ ಮಾತ್ರ. ಬಯಲು ಗಾಳಿಯಲ್ಲಿ ಒಂದು ಮಿಲಿಮೀಟರ್ ಹಾರಲು ಸುಮಾರು 3,000 ವೋಲ್ಟ್ ಸಾಕು. ಸಿಲಿಂಡರಿನೊಳಗೆ ಗಾಳಿ ಒತ್ತಿ ದಟ್ಟವಾಗಿರುತ್ತದೆ. ಅಲ್ಲಿ ಅದೇ ಸಂದು ದಾಟಲು ಅದರ ಹಲವು ಪಟ್ಟು ಬೇಕು. ಹೊರಗೆ ಕುಣಿದ ಕಿಡಿ ಒಳಗೆ ಸತ್ತಿರಬಹುದು. ಅದಕ್ಕೇ ಬಲ್ಲವರು ಕ್ಯಾಪ್ ತಿರುವಿ ತೆಗೆದು, ಇನ್ಸುಲೇಷನ್ ಇದ್ದ ಇಕ್ಕಳದಿಂದ ವೈರಿನ ತುದಿಯನ್ನು ಹೆಡ್ಡಿನಿಂದ ನಾಲ್ಕೈದು ಮಿಲಿಮೀಟರ್ ದೂರ ಹಿಡಿದು ನೋಡುತ್ತಾರೆ: ಅಷ್ಟು ದೂರ ಹಾರಿದರೆ ಕಾಯಿಲ್ಲು ಗಟ್ಟಿ. ಅಲ್ಲಿ ಕಿಡಿ ಬಂದು ಕ್ಯಾಪ್ ಹಾಕಿದ ಮೇಲೆ ಬಾರದಿದ್ದರೆ ಕಳ್ಳ ಕ್ಯಾಪಿನೊಳಗಿದ್ದಾನೆ. ಬಸವಸಾಗರದ ಕಾಲುವೆ ನೀರು ಬಂದು ಭತ್ತದ ಗದ್ದೆಗಳಾದ ಮೇಲೆ ಕೆಸರು ನೀರು ಹೊಕ್ಕು ಕೆಟ್ಟ ಕ್ಯಾಪುಗಳಿಗೆ ಬರವಿಲ್ಲ. ರಾತ್ರಿ ದೀಪ ಆರಿಸಿ ಕಿಕ್ ಹೊಡೆದರೆ ಬಿರುಕು ಬಿಟ್ಟ ಕ್ಯಾಪಿನ ಹೊರಮೈ ಮೇಲೆ ನೀಲಿ ಗೆರೆಗಳು ಹರಿದಾಡುವುದು ಕಾಣುತ್ತದೆ. ಟಾವೆಲ್ ಬೇಕಿಲ್ಲ, ಕಾಕಾನೂ ಬೇಕಿಲ್ಲ.

ಎದುರು ಪಕ್ಷದ ದೊಡ್ಡ ಅಸ್ತ್ರವೊಂದಿದೆ, ಅದನ್ನು ತಪ್ಪಿಸಿಕೊಂಡು ಹೋಗುವುದು ವಕೀಲನಿಗೆ ಮರ್ಯಾದೆಯಲ್ಲ. ‘ಪ್ಲಗ್ ಬದ್ಲಿ ಮಾಡಿದ ಕೂಡ್ಲೇ ಚಾಲೂ ಆತಲ್ರೀ, ಅದಕ್ಕೇನಂತೀರಿ?’ ಚಾಲೂ ಆಗುವುದು ನಿಜ. ಆದರೆ ಹೊಸ ಪ್ಲಗ್ಗಿನ ತುದಿ ಚೂಪು, ಸಂದು ಕಿರಿದು, ಅದಕ್ಕೆ ಕಡಿಮೆ ವೋಲ್ಟ್ ಸಾಕು. ಸೊರಗಿದ ಕಂಡೆನ್ಸರ್ ಕೊಡುವ ಸಪ್ಪೆ ಕಿಡಿಯೂ ಕೆಲವು ದಿನ ಅಲ್ಲಿ ಹಾರುತ್ತದೆ. ಅಪರಾಧಿಗೆ ಸಿಕ್ಕಿದ್ದು ಬಿಡುಗಡೆಯಲ್ಲ, ಜಾಮೀನು. ಎರಡನೆಯ ಕಾರಣ ಇನ್ನೂ ಸ್ವಾರಸ್ಯದ್ದು. ಕೆಟ್ಟ ಕಂಡೆನ್ಸರಿನ ಗುರುತೇ ಶಾಖ: ಹುಣಸಗಿಯಲ್ಲಿ ಒಂದೇ ಕಿಕ್ಕಿಗೆ ಎದ್ದ ಬೈಕು ಕೆಂಭಾವಿ ಮುಟ್ಟುವ ಮೊದಲೇ ಮಿಸುಕಿ ನಿಲ್ಲುತ್ತದೆ, ಬೇವಿನ ನೆರಳಿನಲ್ಲಿ ತಣ್ಣಗಾದರೆ ತಾನೇ ಏಳುತ್ತದೆ. ಆ ತಣ್ಣಗಾಗುವ ಹೊತ್ತಿನಲ್ಲಿ ನೀವು ಪ್ಲಗ್ ಬದಲಿಸಿದರೆ ಕೀರ್ತಿ ಪ್ಲಗ್ಗಿಗೆ. ಚಹಾ ಕುಡಿದಿದ್ದರೆ ಚಹಾಕ್ಕೆ. ತಿಂಥಣಿ ಮೌನೇಶ್ವರನಿಗೆ ಕಾಯಿ ಹರಕೆ ಹೊತ್ತಿದ್ದರೆ ಮೌನೇಶ್ವರನಿಗೆ. ಮೂರರಲ್ಲಿ ಯಾವುದು ಗುಣ ಮಾಡಿತೆಂದು ತಿಳಿಯಬೇಕಾದರೆ ಕವರ್ ತೆಗೆದು ಎಂಜಿನ್ ಓಡುವಾಗ ಪಾಯಿಂಟ್ ನೋಡಬೇಕು. ಅಲ್ಲಿ ಜೋರಾಗಿ ಬಿಳಿ ಕಿಡಿ ಸಿಡಿಯುತ್ತಿದ್ದು ತುಟಿಗಳು ಸುಟ್ಟು ಕಪ್ಪಾಗಿದ್ದರೆ ಹೆಚ್ಚಿನ ವಿಚಾರಣೆ ಬೇಡ: ಪ್ಲಗ್ಗಿಗೆ ಹೋಗಬೇಕಾದ ಕಿಡಿ ದಾರಿಯಲ್ಲೇ ಖರ್ಚಾಗುತ್ತಿದೆ.

ಸಾಕ್ಷಿ ಏನು ಹೇಳುತ್ತದೆಂದು ಕೇಳುವವರಾದರೂ ಯಾರು? ಬಿಚ್ಚಿದ ಪ್ಲಗ್ಗನ್ನು ನಾವು ಗಟಾರಕ್ಕೆ ಎಸೆಯುತ್ತೇವೆ. ಮೂತಿ ಒದ್ದೆಯಾಗಿ ಪೆಟ್ರೋಲ್ ನಾತ ಬಂದರೆ ಪೆಟ್ರೋಲ್ ಬಂದಿದೆ, ಕಿಡಿ ಬಂದಿಲ್ಲ. ಒಣಗಿದ್ದರೆ ಕಾರ್ಬುರೇಟರ್ ಕಡೆ ನಡೆಯಿರಿ. ಎಣ್ಣೆಯ ಕಪ್ಪು ಮೆತ್ತಿದ್ದರೆ ಅಂದಾಜಿಗೆ ಆಯಿಲ್ ಸುರಿದ ಕೈಯನ್ನು ಹಿಡಿಯಿರಿ. ಬಿಳುಪೇರಿದ್ದರೆ ಎಂಜಿನ್ ಅತಿಯಾಗಿ ಕಾಯುತ್ತಿದೆ. ಚಹಾದ ಬಣ್ಣವಿದ್ದರೆ ಒಳಗೆ ಕ್ಷೇಮ. ಇಷ್ಟು ಓದಲು ಬಾರದವರು ಬೇರೆ ಯಾವ ಊರಿನಲ್ಲಾದರೂ ಇರಲಿ, ಹುಣಸಗಿಯಲ್ಲಿ ಇರಬಾರದಿತ್ತು. ಇದೇ ಹುಣಸಗಿ–ಬೈಚಬಾಳ ಕಣಿವೆಯಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ತ್ವಜ್ಞ ಕೆ. ಪದ್ದಯ್ಯನವರು ವರ್ಷಗಟ್ಟಲೆ ಓಡಾಡಿ, ಇಸಾಂಪುರದಲ್ಲಿ ಹಾಸುಬಂಡೆಯ ಸುಣ್ಣಕಲ್ಲು ಕಿತ್ತು ಕೈಗೊಡಲಿ ಮಾಡಿದ ಆದಿಮಾನವರ ಕಮ್ಮಟವನ್ನು ಹೊರಗೆಡವಿದರು. ಅದರ ಕಾಲ ಸುಮಾರು 12 ಲಕ್ಷ ವರ್ಷ ಹಿಂದಿನದೆಂದು ಲೆಕ್ಕ ಸಿಕ್ಕಿದೆ. ಪದ್ದಯ್ಯನವರಿಗೆ ಆಧಾರವಾಗಿದ್ದು ಕೆಲಸ ಮುಗಿದ ಮೇಲೆ ಬಿಸಾಡಿದ ಚಕ್ಕೆ, ಚೂರು. 12 ಲಕ್ಷ ವರ್ಷದ ಕಸ ಮಾತಾಡುವ ಊರಿನಲ್ಲಿ ಈಗಷ್ಟೇ ಬಿಚ್ಚಿದ ಪ್ಲಗ್ಗಿಗೆ ಕಿವಿಗೊಡುವವರಿಲ್ಲ.

‘ಹಂಗಾದ್ರ ಪಾಯಿಂಟ್ ತೆಗೆದು ಸಿಡಿಐ ಹಾಕಿಸಿಬಿಡ್ರಿ’ ಎಂಬುದು ತರುಣರ ಆಕ್ಷೇಪ, ಅದರಲ್ಲಿ ಹುರುಳಿದೆ. ಪಾಯಿಂಟಿನ ಹಿಮ್ಮಡಿ ಸವೆದಂತೆ ಸಂದು ಕಿರಿದಾಗಿ ಟೈಮಿಂಗ್ ಹಿಂದೆ ಬೀಳುತ್ತದೆ, ಆಗಾಗ 0.4 ಮಿಲಿಮೀಟರಿನ ಆಸುಪಾಸಿಗೆ ಕೂಡಿಸುತ್ತಿರಬೇಕು. ಫೀಲರ್ ಗೇಜ್ ಇಲ್ಲದ ಕಡೆ ಇದಕ್ಕೆ ಲಗ್ನಪತ್ರಿಕೆಯ ತುಂಡು ಬಳಸುತ್ತಾರೆ. ಆದರೆ ಪತ್ರಿಕೆಯ ದಪ್ಪ ಬೀಗರ ಅಂತಸ್ತಿನ ಮೇಲೆ ನಿಂತಿದೆ. ಗುತ್ತಿಗೆದಾರರ ಮನೆಯ ಪತ್ರಿಕೆ ಇಟ್ಟು ಕೂಡಿಸಿದರೆ ಟೈಮಿಂಗ್ ಮುಂದೋಡಿ ಕಿಕ್ ತಿರುಗಿ ಮೀನಖಂಡಕ್ಕೆ ಬಡಿಯುತ್ತದೆ. ಪಾಯಿಂಟಿನ ಕೆಲಸವನ್ನು ಎಲೆಕ್ಟ್ರಾನಿಕ್ ಆಗಿ ಮಾಡುವ ಸಿಡಿಐಗೆ ಈ ರಗಳೆ ಇಲ್ಲ. ಆದರೆ ಅದು ಕೆಟ್ಟಾಗ ಯಾವ ಸುಳಿವೂ ಕೊಡದೆ ಕೆಡುತ್ತದೆ. ಬಿಚ್ಚಿ ನೋಡಲು ಒಳಗೆ ರಾಳ ಸುರಿದ ಡಬ್ಬಿಯೊಂದೇ. ಪಾಯಿಂಟನ್ನು ಉಗುರಿನಷ್ಟು ಮರಳುಕಾಗದದಿಂದ ಉಜ್ಜಿ ಊರು ಮುಟ್ಟಬಹುದು, ಡಬ್ಬಿಯನ್ನು ಉಜ್ಜಿ ಏನು ಮಾಡುವುದು? ತರುಣರ ಮಾತಿನಲ್ಲಿ ನನಗೆ ನಿಜಕ್ಕೂ ನಾಟುವುದು ಬೇರೆ: ‘ಪಾಯಿಂಟ್ ಕೂಡಸೋರು ಎಲ್ಲಿದಾರ್ರಿ?’ ಇದಕ್ಕೆ ವಕೀಲನ ಬಳಿ ಜವಾಬಿಲ್ಲ. ಕಣ್ಣಳತೆಯಲ್ಲೇ ಸಂದು ಕೂಡಿಸುತ್ತಿದ್ದ ಹುಡುಗರು ಗುಳೆ ಹೋದವರ ಲಾರಿಯಲ್ಲಿ ಬೆಂಗಳೂರಿಗೂ ಪುಣೆಗೂ ಹೋಗಿ ಸೆಂಟ್ರಿಂಗ್ ಹಲಗೆ ಹೊರುತ್ತಿದ್ದಾರೆ. ಬೈಕು ಇಲ್ಲಿ ಅಪ್ಪನ ಹತ್ತಿರ ಉಳಿದಿದೆ. ಹೊಸದು ಕೊಳ್ಳುವ ತಾಕತ್ತಿಲ್ಲದೆ ಹಳೆಯದನ್ನೇ ಒದೆಯುವವನಿಗೆ ನನ್ನ ಈ ಇಡೀ ವಾದ ಚಹಾದಂಗಡಿಯ ತೀರ್ಪಿಗಿಂತ ಎಷ್ಟು ಉಪಯೋಗಕ್ಕೆ ಬಂದೀತೋ.

ಹಾಗೆಂದು ನನ್ನ ಕಕ್ಷಿದಾರ ಎಂದೂ ತಪ್ಪು ಮಾಡಿಲ್ಲವೆಂದು ಪ್ರಮಾಣ ಮಾಡಲಾರೆ. ಬಿಳಿ ಪಿಂಗಾಣಿ ಸೀಳಿದ ಪ್ಲಗ್ಗು, ಎರಡು ತುದಿಗಳ ನಡುವೆ ಕಾರ್ಬನ್ ಸೇತುವೆ ಕಟ್ಟಿಕೊಂಡ ಪ್ಲಗ್ಗು ತಪ್ಪಿತಸ್ಥರೇ. ಮೊದಲನೆಯದಕ್ಕೆ ಕ್ಷಮೆಯಿಲ್ಲ, ಎರಡನೆಯದಕ್ಕೆ ಸೂಜಿಯ ಮೊನೆ ಸಾಕು. ಹೊಸದನ್ನು ಕೊಳ್ಳಲೇಬೇಕಾಗಿ ಬಂದರೆ ಒಂದು ಹ್ಯಾಕ್ಸಾ ಬ್ಲೇಡಿನ ತುಂಡು ಜೇಬಿನಲ್ಲಿರಲಿ. ಅದರ ದಪ್ಪ 0.6 ಮಿಲಿಮೀಟರಿಗೆ ತೀರ ಹತ್ತಿರ, ಪ್ಲಗ್ಗಿನ ಸಂದಿಗೆ ತಕ್ಕ ಅಳತೆ, ಮತ್ತು ಅದು ಯಾರ ಮದುವೆಗೂ ಸಂಬಂಧಪಟ್ಟದ್ದಲ್ಲ.